ನೂರರ ಪ್ಲಾನ್, ಹನ್ನೊಂದರ ಸ್ಪೀಡ್: ದೋಷ ಎಲ್ಲಿದೆ ಎಂದು ಲೆಕ್ಕ ಹಾಕಿ ಹಿಡಿಯುವ ಬಗೆ

"ಅಣ್ಣಾರ, ನೂರು ಎಂಬಿ ಪ್ಲಾನ್ ಹಾಕ್ಸೀನ್ರಿ. ಡೌನ್‌ಲೋಡ್ ಹನ್ನೊಂದರ ಮ್ಯಾಲೆ ಹೋಗವಲ್ದು. ರೊಕ್ಕ ಮಾತ್ರ ಪೂರ್ತಿ ತಗೊಂಡಾರ."

ಹುಬ್ಬಳ್ಳಿ ವಿದ್ಯಾನಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಈ ಮಾತು ಹೇಳಿಕೊಂಡು ಬರುವವರು ಆಗಾಗ ಇದ್ದೇ ಇರುತ್ತಾರೆ. ಕೆಲವರು ಅಷ್ಟೊತ್ತಿಗೆ ರೂಟರ್ ಬದಲಿಸಿರುತ್ತಾರೆ. ಕೆಲವರು ಕನೆಕ್ಷನ್ನೇ ಬದಲಿಸಿರುತ್ತಾರೆ. ಒಬ್ಬ ಕಾಕಾ ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದರು. ಇವರಲ್ಲಿ ಎಷ್ಟೋ ಜನರ ಮನೆಯಲ್ಲಿ ಏನೂ ಕೆಟ್ಟಿರಲಿಲ್ಲ. ಉಳಿದವರ ಮನೆಯಲ್ಲಿ ನಿಜವಾಗಿ ದೋಷ ಇತ್ತು, ಆದರೆ ಅವರು ಹುಡುಕುತ್ತಿದ್ದ ಜಾಗದಲ್ಲಿ ಇರಲಿಲ್ಲ.

ಇಂಟರ್ನೆಟ್ ಸ್ಪೀಡ್ ಕಡಿಮೆ ಇದೆ ಅಂದ ಕೂಡಲೇ ನಾನು ಪೆನ್ನು, ಕಾಗದ ತೆಗೆಯುತ್ತೇನೆ. ಬರಬೇಕಾದ ಸ್ಪೀಡ್ ಎಷ್ಟು, ಬರುತ್ತಿರುವುದು ಎಷ್ಟು, ಎರಡನ್ನೂ ಒಂದೇ ಅಳತೆಗೆ ತಂದು ಪಕ್ಕಪಕ್ಕ ಬರೆಯುತ್ತೇನೆ. ಆಮೇಲೆ ನಡುವೆ ಉಳಿಯುವ ಅಂತರ ನೋಡುತ್ತೇನೆ. ಆ ಸಂಖ್ಯೆಯೇ ಬಹಳ ಸಲ ದೋಷದ ಹೆಸರು ಹೇಳಿಬಿಡುತ್ತದೆ. 94ಕ್ಕೆ ನಿಂತರೆ ಒಂದು ಕಾರಣ, 40ರ ಹತ್ತಿರ ನಿಂತರೆ ಇನ್ನೊಂದು, ಸೆಕೆಂಡಿಗೆ 8 ಕಿಲೋಬೈಟ್‌ಗೆ ನಿಂತರೆ ಮತ್ತೊಂದು. ಜ್ವರ ಎಷ್ಟಿದೆ ಎಂದು ನೋಡದೆ ಯಾರೂ ಮಾತ್ರೆ ಕೊಡುವುದಿಲ್ಲ, ಅಲ್ವಾ? ಇದೂ ಹಾಗೆಯೇ.

ಎರಡನ್ನೂ ಒಂದೇ ತಕ್ಕಡಿಗೆ ಹಾಕಿ

ಗೊಂದಲ ಹುಟ್ಟುವುದು "ಎಂಬಿ" ಅನ್ನುವ ಮಾತಿನಿಂದ. ಇಂಟರ್ನೆಟ್ ಕೊಡುವವರು ಸ್ಪೀಡ್ ಮಾರುವುದು ಮೆಗಾಬಿಟ್ ಲೆಕ್ಕದಲ್ಲಿ. ಕಂಪ್ಯೂಟರಿನಲ್ಲಿ ಫೈಲ್ ಇಳಿಯುವಾಗ ಕಾಣುವುದು ಮೆಗಾಬೈಟ್ ಲೆಕ್ಕದಲ್ಲಿ. ಇಂಗ್ಲಿಷಿನಲ್ಲಿ ಬರೆಯುವಾಗ ಬಿಟ್‌ಗೆ ಸಣ್ಣ "ಬಿ", ಬೈಟ್‌ಗೆ ದೊಡ್ಡ "ಬಿ" ಹಾಕುತ್ತಾರೆ. ಕನ್ನಡದಲ್ಲಿ ಸಣ್ಣಕ್ಷರ, ದೊಡ್ಡಕ್ಷರ ಇಲ್ಲ. ಬಾಯಿಮಾತಿನಲ್ಲಂತೂ ಎರಡೂ "ಎಂಬಿ" ಆಗಿಬಿಡುತ್ತವೆ. ಅದಕ್ಕೇ ಇಲ್ಲಿಂದ ಮುಂದೆ ನಾನು ಮೆಗಾಬಿಟ್ ಅಥವಾ ಮೆಗಾಬೈಟ್ ಎಂದು ಪೂರ್ತಿ ಬರೆಯುತ್ತೇನೆ. ನೀವೂ ಕಂಪನಿಯವರ ಜೊತೆ ಮಾತಾಡುವಾಗ ಹಾಗೆಯೇ ಹೇಳಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

8 ಬಿಟ್ ಸೇರಿದರೆ 1 ಬೈಟ್. ಮೆಗಾಬಿಟ್ ಗೊತ್ತಿದ್ದರೆ 8ರಿಂದ ಭಾಗಿಸಿ. ಮೆಗಾಬೈಟ್ ಗೊತ್ತಿದ್ದರೆ 8ರಿಂದ ಗುಣಿಸಿ. 100 ಮೆಗಾಬಿಟ್ ಅಂದರೆ 12.5 ಮೆಗಾಬೈಟ್. 40 ಮೆಗಾಬಿಟ್ ಅಂದರೆ 5 ಮೆಗಾಬೈಟ್. 300 ಮೆಗಾಬಿಟ್ ಅಂದರೆ 37.5 ಮೆಗಾಬೈಟ್.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದರ ಹೇಳುವುದು ಕ್ವಿಂಟಲ್‌ಗೆ. ಕಿರಾಣಿ ಅಂಗಡಿಯಲ್ಲಿ ಹೇಳುವುದು ಕಿಲೋಗೆ. ಅಲ್ಲಿ 20 ಸಾವಿರ, ಇಲ್ಲಿ 200. ಯಾರೂ ಮೋಸ ಅನ್ನುವುದಿಲ್ಲ, ಯಾಕೆಂದರೆ ಯಾವುದರ ಮುಂದೆ ಯಾವ ಅಳತೆ ಇದೆ ಎಂದು ಎಲ್ಲರಿಗೂ ಗೊತ್ತು. ಇಂಟರ್ನೆಟ್ ಮನೆಗೆ ಬಂದಿದ್ದು ಮೊನ್ನೆ ಮೊನ್ನೆ. ಆ ರೂಢಿ ಇನ್ನೂ ಆಗಿಲ್ಲ.

ಎರಡು ಲೆಕ್ಕ ಯಾಕೆ ಬಂತು ಎಂದು ಕೆಲವರು ಕೇಳುತ್ತಾರೆ. ತಂತಿಯಲ್ಲಿ ಹರಿಯುವುದು ಬಿಟ್‌ಗಳ ಸಾಲು. ಹಾಗಾಗಿ ತಂತಿಯ ಕೆಲಸದವರು ಬಿಟ್ ಎಣಿಸುತ್ತಾ ಬಂದರು. ಈ ಪದ ಅಚ್ಚಾಗಿದ್ದು 1948ರಲ್ಲಿ, ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಅವರ ಪ್ರಬಂಧದಲ್ಲಿ. ಪದ ಸೂಚಿಸಿದವರು ಜಾನ್ ಟೂಕಿ ಎಂದು ಶಾನನ್ ಅವರೇ ಅಲ್ಲಿ ಬರೆದಿದ್ದಾರೆ. ಬೈಟ್ ಅನ್ನುವುದು 1956ರಲ್ಲಿ ಐಬಿಎಂನಲ್ಲಿದ್ದ ವರ್ನರ್ ಬುಕ್‌ಹೋಲ್ಜ್ ಇಟ್ಟ ಹೆಸರು. ಅದು ಕಂಪ್ಯೂಟರಿನ ಒಳಗೆ ಅಕ್ಷರ ಕೂಡಿಡುವ ಕೆಲಸದಲ್ಲಿ ಹುಟ್ಟಿದ ಮಾತು. ತಂತಿಯವರ ಅಳತೆ ಬೇರೆ, ಉಗ್ರಾಣದವರ ಅಳತೆ ಬೇರೆ.

ಸ್ಪೀಡ್ ಟೆಸ್ಟ್ ಆ್ಯಪ್ ಸಾಮಾನ್ಯವಾಗಿ ಮೆಗಾಬಿಟ್ ತೋರಿಸುತ್ತದೆ. ಪ್ಲಾನ್ ಜೊತೆ ಹೋಲಿಸಲು ಅದೇ ಸರಿ. ಕೆಲವು ಆ್ಯಪ್‌ಗಳ ಸೆಟ್ಟಿಂಗ್‌ನಲ್ಲಿ ಇದನ್ನು ಬದಲಿಸಬಹುದು. ಮನೆಯ ಹುಡುಗರು ಯಾರಾದರೂ ಬದಲಿಸಿದ್ದಾರಾ ಎಂದು ಒಮ್ಮೆ ನೋಡಿ.

ಹನ್ನೆರಡೂವರೆ ಬರಲಿಲ್ಲ, ಹನ್ನೊಂದು ಚಿಲ್ಲರೆ ಬಂತು

8ರಿಂದ ಭಾಗಿಸಿದ ಮೇಲೂ ಪೂರ್ತಿ ತಾಳೆ ಆಗುವುದಿಲ್ಲ. 12.5 ಬರಬೇಕಿತ್ತು, ಬಂದಿದ್ದು 11.3. ಉಳಿದದ್ದು ಎಲ್ಲಿ ಹೋಯಿತು? ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹಳ ಜನ ಕಂಪನಿಯ ಮೇಲೆ ಅನುಮಾನ ಪಡುವುದು ಇದೇ ಜಾಗದಲ್ಲಿ.

ಮೊದಲನೆಯ ಕಾರಣ ತೊಲಿಯ ಲೆಕ್ಕದಂಥದ್ದು. ಹಳೆಯ ತೊಲಿ 11.66 ಗ್ರಾಂ. ಈಗ ಬಂಗಾರದ ಅಂಗಡಿಯಲ್ಲಿ ತೊಲಿ ಅಂದರೆ 10 ಗ್ರಾಂ. ಅಜ್ಜಿ ಹೇಳುವ ಎರಡು ತೊಲಿ ಸರವನ್ನು ಈಗಿನ ಎರಡು ತೊಲಿ ಎಂದು ತೂಗಿದರೆ ತಾಳೆ ಆಗುವುದಿಲ್ಲ. ಹೆಸರು ಒಂದು, ತೂಕ ಎರಡು. "ಮೆಗಾ" ಕಥೆಯೂ ಇದೇ. ಇಂಟರ್ನೆಟ್ ಲೈನಿನವರಿಗೆ ಮೆಗಾ ಅಂದರೆ ಸರಿಯಾಗಿ 10 ಲಕ್ಷ. ವಿಂಡೋಸ್‌ಗೆ ಮತ್ತು ಹಲವು ಡೌನ್‌ಲೋಡ್ ಸಾಫ್ಟ್‌ವೇರ್‌ಗಳಿಗೆ ಅದು 1024ನ್ನು 1024ರಿಂದ ಗುಣಿಸಿದಷ್ಟು, ಅಂದರೆ 10,48,576. ಈ ದೊಡ್ಡ ಅಳತೆಗೆ ಮೆಬಿಬೈಟ್ ಎಂಬ ಬೇರೆ ಹೆಸರು 1998ರಲ್ಲೇ ಬಂತು. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ಕೊಟ್ಟ ಹೆಸರು ಅದು. ವಿಂಡೋಸ್ ಮಾತ್ರ ಇವತ್ತಿಗೂ ಹಳೆಯ ಹೆಸರನ್ನೇ ತೋರಿಸುತ್ತದೆ. ಆಪಲ್‌ನವರು 2009ರಿಂದ ಮ್ಯಾಕ್‌ನಲ್ಲಿ ಸಾವಿರದ ಲೆಕ್ಕಕ್ಕೆ ಬಂದರು.

ಹಾಗಾಗಿ 12.5 ಮೆಗಾಬೈಟ್ ಅನ್ನುವುದು ವಿಂಡೋಸ್ ಕಣ್ಣಿಗೆ 11.92. ಹೊಸ 1 ಟೆರಾಬೈಟ್ ಹಾರ್ಡ್‌ಡಿಸ್ಕ್ ಹಚ್ಚಿದರೆ 931 ಗಿಗಾಬೈಟ್ ಕಾಣುವುದಕ್ಕೂ ಇದೇ ಕಾರಣ. ಡಿಸ್ಕ್ ನಕಲಿ ಅಲ್ಲ. ಕಿಲೋ ಮಟ್ಟದಲ್ಲಿ ಈ ಅಂತರ ಶೇ 2.4. ಮೆಗಾದಲ್ಲಿ ಶೇ 4.9. ಗಿಗಾದಲ್ಲಿ ಶೇ 7.4. ಟೆರಾಕ್ಕೆ ಬಂದರೆ ಶೇ 10ರ ಹತ್ತಿರ. ಅಳತೆ ದೊಡ್ಡದಾದಷ್ಟೂ ಕೊರತೆ ಜಾಸ್ತಿ ಕಾಣುತ್ತದೆ.

ಎರಡನೆಯ ಕಾರಣ ಚೀಲದ ತೂಕ. ಮಾರುಕಟ್ಟೆಯಲ್ಲಿ ಕಾಳು ತೂಗಿದಾಗ ಚೀಲದ ತೂಕ ಕಳೆಯುತ್ತೇವೆ. ಇಂಟರ್ನೆಟ್‌ನಲ್ಲಿ ಡೇಟಾ ಸಡಿಲವಾಗಿ ಹೋಗುವುದಿಲ್ಲ, ಸಣ್ಣ ಸಣ್ಣ ಚೀಲದಲ್ಲಿ ಹೋಗುತ್ತದೆ. ರೂಟರ್, ಕಂಪ್ಯೂಟರ್ ಜೋಡಿಸುವ ಮಾಮೂಲಿ ಈಥರ್ನೆಟ್ ಕೇಬಲ್‌ನಲ್ಲಿ ಒಂದು ಚೀಲ, ಮುಂದಿನ ಚೀಲದ ನಡುವಿನ ಖಾಲಿ ಜಾಗವೂ ಸೇರಿ, ತಂತಿಯ ಮೇಲೆ 1538 ಬೈಟ್‌ನಷ್ಟು ಹೊತ್ತು ಹಿಡಿಯುತ್ತದೆ. ಅದರೊಳಗೆ ನಿಮ್ಮ ಫೈಲಿನ ಪಾಲು ಹೆಚ್ಚೆಂದರೆ 1460 ಬೈಟ್. ಉಳಿದದ್ದು ಯಾರಿಂದ ಬಂತು, ಯಾರಿಗೆ ಹೋಗಬೇಕು, ದಾರಿಯಲ್ಲಿ ಕೆಟ್ಟಿದೆಯಾ ಎಂದು ನೋಡುವ ವಿಳಾಸ ಮತ್ತು ತಪಾಸಣೆ. 1460ನ್ನು 1538ರಿಂದ ಭಾಗಿಸಿದರೆ ಶೇ 94.9. ಅಂದರೆ 100 ಮೆಗಾಬಿಟ್ ತಂತಿಯಲ್ಲಿ ಫೈಲಿಗೆ ಸಿಗುವುದು 94.9 ಮೆಗಾಬಿಟ್. ಈ 94.9 ನೆನಪಿಡಿ, ಮುಂದೆ ಬಹಳ ಬೇಕಾಗುತ್ತದೆ.

ಈಗ ಎರಡೂ ಸೇರಿಸಿ. 94.9ನ್ನು 8ರಿಂದ ಭಾಗಿಸಿದರೆ 11.86. ಅದನ್ನು ವಿಂಡೋಸ್ ಅಳತೆಗೆ ತಂದರೆ 11.3. "ಹನ್ನೊಂದರ ಮ್ಯಾಲೆ ಹೋಗವಲ್ದು" ಅಂದವರ ಮನೆಗೆ ನೂರು ಮೆಗಾಬಿಟ್ ಪೂರ್ತಿ ಬರುತ್ತಿತ್ತು. ಅವರಿಗೆ ಈ ಮೂರು ಸಾಲು ಬರೆದು ತೋರಿಸಿದೆ. ಕಾಗದ ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಹೋದರು.

ಬೇಗ ನೋಡಬೇಕಿದ್ದರೆ ಪ್ಲಾನಿನ ಸಂಖ್ಯೆಯನ್ನು 9ರಿಂದ ಭಾಗಿಸಿ. ಡೌನ್‌ಲೋಡ್ ಕಿಟಕಿಯಲ್ಲಿ ಅಷ್ಟು ಮೆಗಾಬೈಟ್ ಬಂದರೆ ಲೈನ್ ಚೆನ್ನಾಗಿದೆ. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಮಾತ್ರ ಮುಂದೆ ಓದಿ.

94ಕ್ಕೆ ನಿಂತರೆ: ಕೇಬಲ್ ನೋಡಿ

ಇದು ನನ್ನ ಮನೆಯಲ್ಲೇ ಆದದ್ದು. 100ರ ಪ್ಲಾನ್ ಬಿಟ್ಟು 200 ಮೆಗಾಬಿಟ್ ಪ್ಲಾನ್ ಹಾಕಿಸಿದೆ. ಸ್ಪೀಡ್ ಟೆಸ್ಟ್ ಮಾಡಿದರೆ 94. ಬೆಳಿಗ್ಗೆ 94, ಮಧ್ಯಾಹ್ನ 94, ರಾತ್ರಿಯೂ 94. ಕಂಪನಿಗೆ ಮೂರು ಸಲ ಫೋನ್ ಮಾಡಿದೆ. ಲೈನ್ ನೋಡುವ ಹುಡುಗ ಬಿಸಿಲಲ್ಲಿ ಎರಡು ಸಲ ಬಂದು ಹೋದ. ಫೈಬರ್ ಡಬ್ಬಿ ಬದಲಿಸಿದ. ಆದರೂ 94. "ನಮ್ಮ ಕಡೆಯಿಂದ ಸರಿ ಐತ್ರಿ ಸರ್" ಅಂದ. ನಾನು ಒಪ್ಪಲಿಲ್ಲ, ಸ್ವಲ್ಪ ಜೋರಾಗಿಯೇ ಮಾತಾಡಿದೆ.

ಅವನು ಹೋದ ಮೇಲೆ ಕುಳಿತು ಯೋಚಿಸಿದೆ. ಜನ ಜಾಸ್ತಿ ಬಳಸುವುದರಿಂದ ಲೈನ್ ನಿಧಾನ ಆಗಿದ್ದರೆ ಸ್ಪೀಡ್ ಏರಿಳಿಯಬೇಕು. ಇದು ಗಡಿಯಾರದ ಮುಳ್ಳಿನ ಹಾಗೆ ಒಂದೇ ಕಡೆ ನಿಂತಿದೆ. ಅದೂ 94ಕ್ಕೆ. ಅಂದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ 100 ಮೆಗಾಬಿಟ್ ತಂತಿ ಇದೆ.

ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಈಥರ್ನೆಟ್ ತೆರೆದು ಲಿಂಕ್ ಸ್ಪೀಡ್, ಅಂದರೆ ಎರಡು ಯಂತ್ರಗಳು ತಮ್ಮ ನಡುವೆ ಒಪ್ಪಿಕೊಂಡ ವೇಗ, ನೋಡಿದೆ. 1000 ಇರಬೇಕಾದಲ್ಲಿ 100 ಇತ್ತು. ಕಾರಣ ಸಿಕ್ಕಿತು. ಈಥರ್ನೆಟ್ ಕೇಬಲ್‌ನಲ್ಲಿ ನಾಲ್ಕು ಜೋಡಿ ತಂತಿ ಇರುತ್ತವೆ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ರೂಢಿಯ ಬಣ್ಣದ ಜೋಡಣೆಯಲ್ಲಿ ಅವು ಕಿತ್ತಳೆ ಮತ್ತು ಹಸಿರು ಜೋಡಿ. 1000ಕ್ಕೆ ನೀಲಿ, ಕಂದು ಸೇರಿ ನಾಲ್ಕೂ ಜೋಡಿ ಬೇಕು. ಕಂದು ತಂತಿ ಒಂದು ತುಂಡಾದರೆ ಇಂಟರ್ನೆಟ್ ನಿಲ್ಲುವುದಿಲ್ಲ. ಹಲವು ಯಂತ್ರಗಳು ತಾವಾಗಿಯೇ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. 100ರ ಪ್ಲಾನ್ ಇದ್ದಾಗಲೂ ಈ ದೋಷ ಇದ್ದಿರಬೇಕು, ಕಾಣಲಿಲ್ಲ ಅಷ್ಟೆ.

ನನ್ನ ಕೇಬಲ್ ಕಿಟಕಿಯ ಚೌಕಟ್ಟಿನಲ್ಲಿ ಸಿಕ್ಕಿಕೊಂಡು ಹೋಗುತ್ತಿತ್ತು. ತುದಿಯ ಕನೆಕ್ಟರ್‌ನಲ್ಲಿ ಕಂದು ತಂತಿ ಪೂರ್ತಿ ಒಳಗೆ ಕೂತಿರಲಿಲ್ಲ. ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ ಕ್ರಿಂಪ್ ಮಾಡಿದೆ. ಲಿಂಕ್ 1000 ಆಯಿತು, ಟೆಸ್ಟ್ 190 ತೋರಿಸಿತು. ಆ ಹುಡುಗನಿಗೆ ಫೋನ್ ಮಾಡಿ ತಪ್ಪು ನನ್ನ ಕಡೆಯದು ಎಂದು ಹೇಳಿ ಕ್ಷಮೆ ಕೇಳಿದೆ. ಅವನು ಹೇಳಿದ್ದು ಸರಿಯಾಗಿತ್ತು.

ನಿಮಗೂ 100ಕ್ಕಿಂತ ದೊಡ್ಡ ಪ್ಲಾನ್ ಇದ್ದು, ಟೆಸ್ಟ್ 93ರಿಂದ 95ರ ನಡುವೆ ಅಲುಗಾಡದೆ ನಿಂತರೆ ಮೊದಲು ಬೇರೆ ಕೇಬಲ್ ಹಚ್ಚಿ ನೋಡಿ. ಆಗದಿದ್ದರೆ ರೂಟರಿನ ಪೋರ್ಟ್, ಅಂದರೆ ಕೇಬಲ್ ಹಚ್ಚುವ ಕಿಂಡಿ, ನೋಡಿ. ಅಗ್ಗದ ಮತ್ತು ಹಳೆಯ ರೂಟರ್‌ಗಳಲ್ಲಿ ಪೋರ್ಟ್‌ಗಳೇ 100ರವು. ಅಂಥ ರೂಟರ್ ಇಟ್ಟುಕೊಂಡು 300ರ ಪ್ಲಾನ್ ಹಾಕಿಸುವುದು ವ್ಯರ್ಥ. ಆ ರೊಕ್ಕ ಉಳಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

35, 40, 45: ವೈಫೈ

ಕೇಬಲ್ ಹಚ್ಚಿದರೆ ಸರಿಯಾದ ಸ್ಪೀಡ್, ಫೋನಿನಲ್ಲಿ ಮಾತ್ರ 40ರ ಆಸುಪಾಸು. ಫೋನಿನ ವೈಫೈ ವಿವರದಲ್ಲಿ ಲಿಂಕ್ ಸ್ಪೀಡ್ 72 ಎಂದು ಇದೆಯಾ? ಹಾಗಿದ್ದರೆ ನೀವು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಇದ್ದೀರಿ. ಒಂದೇ ಆಂಟೆನಾ ಲೆಕ್ಕದಲ್ಲಿ, ಮಾಮೂಲಿ ಅಗಲದ ಚಾನೆಲ್‌ನಲ್ಲಿ, ಹಳೆಯ ವೈಫೈ 4 ಕೊಡುವ ಗರಿಷ್ಠ ಅಂಕಿ 72.2 ಮೆಗಾಬಿಟ್. ವೈಫೈನಲ್ಲಿ ಎಲ್ಲರೂ ಸರದಿ ಪ್ರಕಾರ ಮಾತಾಡಬೇಕು, ಪ್ರತಿ ಮಾತಿಗೂ "ಮುಟ್ಟಿತು" ಎಂದು ಉತ್ತರ ಬರಬೇಕು. ಹಾಗಾಗಿ ಕೈಗೆ ಸಿಗುವುದು ಸುಮಾರು ಅರ್ಧ. ರೂಟರಿನ 5 ಗಿಗಾಹರ್ಟ್ಸ್ ವೈಫೈ ಹೆಸರಿಗೆ ಸೇರಿಕೊಳ್ಳಿ, ಅದೇ ಕೋಣೆಯಲ್ಲಿ ಕುಳಿತು ಇನ್ನೊಮ್ಮೆ ಅಳೆಯಿರಿ. ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ಒಳಕೋಣೆಗೆ ಮುಟ್ಟುವುದಿಲ್ಲ. ಅಲ್ಲಿ ಒಂದು ಕೇಬಲ್ ಎಳೆಯುವುದೇ ಒಳ್ಳೆಯದು.

8 ಕಿಲೋಬೈಟ್: ಡೇಟಾ ಮುಗಿದಿದೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಹಳ. ರೂಮಿನಲ್ಲಿ ವೈಫೈ ಇರುವುದಿಲ್ಲ, ಮೊಬೈಲ್ ಡೇಟಾದ ಮೇಲೆಯೇ ಕ್ಲಾಸ್ ನೋಡುತ್ತಾರೆ. ಅವರ ದೂರು ಒಂದೇ: "ದಿನಕ್ಕ ಒಂದೂವರೆ ಜಿಬಿ ಅಂತಾರ್ರಿ, ಒಂದು ಕ್ಲಾಸ್ ಮುಗಿಯೂದ್ರಾಗ ಖಾಲಿ. ಯಾರರ ಕದೀತಾರೇನ್ರಿ?"

ಯಾರೂ ಕದಿಯುವುದಿಲ್ಲ. ಲೆಕ್ಕ ಹಾಕೋಣ. 1.5 ಗಿಗಾಬೈಟ್ ಅಂದರೆ 12 ಗಿಗಾಬಿಟ್, ಅಂದರೆ 12,000 ಮೆಗಾಬಿಟ್. 1080 ಗುಣಮಟ್ಟದ ವಿಡಿಯೋ ಸೆಕೆಂಡಿಗೆ 5 ಮೆಗಾಬಿಟ್ ತಿಂದರೆ 2,400 ಸೆಕೆಂಡ್ ಬಾಳುತ್ತದೆ. ಅಂದರೆ 40 ನಿಮಿಷ. ಅದೇ ಕ್ಲಾಸನ್ನು 480ಕ್ಕೆ ಇಳಿಸಿ, 1 ಮೆಗಾಬಿಟ್ ತಿಂದರೆ 3 ತಾಸು 20 ನಿಮಿಷ. ಬೋರ್ಡಿನ ಮೇಲೆ ಬರೆದಿದ್ದು ಓದಲು 480 ಸಾಕು. ಈ ಒಂದು ಬದಲಾವಣೆ ಮಾಡಿದ ಮಕ್ಕಳಿಗೆ ರಾತ್ರಿಯವರೆಗೂ ಡೇಟಾ ಉಳಿಯುತ್ತದೆ. ಇದನ್ನು ಹೇಳಿಕೊಡುವಾಗ ನನಗೆ ನಿಜಕ್ಕೂ ಖುಷಿ ಆಗುತ್ತದೆ. ಮನೆಯಿಂದ ತಿಂಗಳಿಗೆ ಇಷ್ಟೇ ರೊಕ್ಕ ಎಂದು ತಂದು ಓದುವ ಮಕ್ಕಳು ಅವರು.

ದಿನದ ಡೇಟಾ ಮುಗಿದ ಮೇಲೆ ಹಲವು ಪ್ಲಾನ್‌ಗಳಲ್ಲಿ ಸ್ಪೀಡ್ 64 ಕಿಲೋಬಿಟ್‌ಗೆ ಇಳಿಯುತ್ತದೆ. 8ರಿಂದ ಭಾಗಿಸಿದರೆ 8 ಕಿಲೋಬೈಟ್. 10 ಮೆಗಾಬೈಟಿನ ಪ್ರಶ್ನೆಪತ್ರಿಕೆ ಇಳಿಯಲು 1,250 ಸೆಕೆಂಡ್ ಬೇಕು, ಹತ್ತಿರ ಹತ್ತಿರ 21 ನಿಮಿಷ. ಫೋನ್ ಕೆಟ್ಟಿಲ್ಲ, ಟವರ್ ಕೆಟ್ಟಿಲ್ಲ. ಮಧ್ಯರಾತ್ರಿ ದಾಟಿದ ಮೇಲೆ ತಾನಾಗಿಯೇ ಸರಿಹೋದರೆ ದೋಷ ಇದೇ.

ಮನೆಯ ಫೈಬರ್ ಪ್ಲಾನ್‌ಗೂ ತಿಂಗಳ ಮಿತಿ ಇರಬಹುದು. ಅದು ದಾಟಿದ ಮೇಲೆ 2 ಮೆಗಾಬಿಟ್‌ಗೆ ಇಳಿದಿದ್ದರೆ ಸಿಗುವುದು ಸೆಕೆಂಡಿಗೆ 250 ಕಿಲೋಬೈಟ್. ಅಂದಹಾಗೆ, ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಲು ಬೇಕಾದ ಕನಿಷ್ಠ ಸ್ಪೀಡನ್ನು 2 ಮೆಗಾಬಿಟ್‌ಗೆ ಏರಿಸಿದ್ದು 2023ರಲ್ಲಿ. ಅದಕ್ಕೂ ಮೊದಲು 512 ಕಿಲೋಬಿಟ್ ಇತ್ತು.

ಸಿಸಿಟಿವಿ: ಮೂವತ್ತು ದಿನ ಅಂದಿದ್ದರು, ಹನ್ನೊಂದೇ ದಿನ ಇದೆ

ದುರ್ಗದಬೈಲಿನ ಹತ್ತಿರದ ಒಂದು ಬಟ್ಟೆ ಅಂಗಡಿಯವರು ಡಿವಿಆರ್, ಅಂದರೆ ಕ್ಯಾಮೆರಾದ ರೆಕಾರ್ಡಿಂಗ್ ಕೂಡಿಡುವ ಡಬ್ಬಿ, ಹೊತ್ತುಕೊಂಡು ಬಂದಿದ್ದರು. ನಾಲ್ಕು ಕ್ಯಾಮೆರಾ, 1 ಟೆರಾಬೈಟ್ ಡಿಸ್ಕ್. ಎರಡು ವಾರದ ಹಿಂದಿನ ರೆಕಾರ್ಡಿಂಗ್ ಬೇಕಿತ್ತು, ಸಿಗಲಿಲ್ಲ. ಡಿಸ್ಕ್ ಕೆಟ್ಟಿದೆ ಎಂದು ಯಾರೋ ಹೇಳಿದ್ದರು. ಬದಲಿಸಿಯೂ ಆಗಿತ್ತು. ಮತ್ತೆ ಅದೇ ಹನ್ನೊಂದು ದಿನ.

ಇಲ್ಲಿ ಲೆಕ್ಕ ಉಲ್ಟಾ ಹೋಗಬೇಕು, ಸ್ಪೀಡ್‌ನಿಂದ ಜಾಗಕ್ಕೆ. ಡಿವಿಆರ್ ಸೆಟ್ಟಿಂಗ್‌ನಲ್ಲಿ ಪ್ರತಿ ಕ್ಯಾಮೆರಾಕ್ಕೆ ಬಿಟ್ ರೇಟ್, ಅಂದರೆ ಸೆಕೆಂಡಿಗೆ ಬರೆಯುವ ಡೇಟಾ, ಸುಮಾರು 2 ಮೆಗಾಬಿಟ್ ಇತ್ತು. ನಾಲ್ಕಕ್ಕೆ 8 ಮೆಗಾಬಿಟ್. 8ರಿಂದ ಭಾಗಿಸಿದರೆ ಸೆಕೆಂಡಿಗೆ 1 ಮೆಗಾಬೈಟ್. ಎಷ್ಟು ಚಂದ ಬಂತು ನೋಡಿ. ದಿನಕ್ಕೆ 86,400 ಸೆಕೆಂಡ್. ಅಂದರೆ ದಿನಕ್ಕೆ 86.4 ಗಿಗಾಬೈಟ್. 1000 ಗಿಗಾಬೈಟ್ ಡಿಸ್ಕ್ ತುಂಬಲು ಹನ್ನೊಂದೂವರೆ ದಿನ. ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಹಚ್ಚುವಾಗ ಈ ಭಾಗಾಕಾರ ಯಾರೂ ಮಾಡಿರಲಿಲ್ಲ.

ಮೂವತ್ತು ದಿನಕ್ಕೆ 2,592 ಗಿಗಾಬೈಟ್ ಬೇಕು. 3 ಟೆರಾಬೈಟ್ ಡಿಸ್ಕ್ ಹಾಕಬಹುದು. ಡಿಸ್ಕಿಗೆ ರೊಕ್ಕ ಬೇಡ ಅಂದರೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಚಲನೆ ಕಂಡಾಗ ಮಾತ್ರ ರೆಕಾರ್ಡ್ ಆಗುವ ಹಾಗೆ ಇಡಬಹುದು. ಡಿವಿಆರ್‌ನಲ್ಲಿ ಎಚ್ 265 ಎಂಬ, ವಿಡಿಯೋವನ್ನು ಹೆಚ್ಚು ಒತ್ತಿ ಸಣ್ಣದು ಮಾಡುವ ಆಯ್ಕೆ ಇದ್ದರೆ ಅದನ್ನು ಹಚ್ಚಿ ಬಿಟ್ ರೇಟ್ ಇಳಿಸಬಹುದು, ಚಿತ್ರ ಅಷ್ಟೇನೂ ಕೆಡುವುದಿಲ್ಲ. ಗಲ್ಲಾದ ಮೇಲಿನ ಕ್ಯಾಮೆರಾದ ಬಿಟ್ ರೇಟ್ ಮಾತ್ರ ಇಳಿಸಬೇಡಿ. ಬೇಕಾದ ದಿನ ನೋಟು ಎಣಿಸುವ ಕೈ ಸ್ಪಷ್ಟ ಕಾಣಬೇಕು.

ಮನೆಯಿಂದ ಫೋನಿನಲ್ಲಿ ನೋಡುವಾಗ ಚಿತ್ರ ತಡೆತಡೆದು ಬಂದರೆ ಅಂಗಡಿಯ ಅಪ್‌ಲೋಡ್ ಸ್ಪೀಡ್ ಅಳೆಯಿರಿ. ನಾಲ್ಕೂ ಕ್ಯಾಮೆರಾ ಪೂರ್ತಿ ನೋಡಲು ಅಂಗಡಿಯಿಂದ ಹೊರಗೆ 8 ಮೆಗಾಬಿಟ್ ಹೋಗಬೇಕು. ಡೌನ್‌ಲೋಡ್ ಎಷ್ಟಿದ್ದರೂ ಅದಕ್ಕೆ ಉಪಯೋಗ ಇಲ್ಲ.

ಗದಗಿಗೆ ಕಳಿಸಬೇಕಾದ ಮದುವೆ ವಿಡಿಯೋ

ಅಪ್‌ಲೋಡ್ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಒಬ್ಬ ಫೋಟೋಗ್ರಾಫರ್ ಗೆಳೆಯ 60 ಗಿಗಾಬೈಟ್ ವಿಡಿಯೋವನ್ನು ಗದಗಿನಲ್ಲಿ ಎಡಿಟಿಂಗ್ ಮಾಡುವವರಿಗೆ ಕಳಿಸಬೇಕಿತ್ತು. ಸಂಜೆ ಹಚ್ಚಿ ಮಲಗಿದ. ನಡುರಾತ್ರಿ ಎದ್ದು ನೋಡಿದರೆ ಅರ್ಧ ಆಗಿದೆ. ವೆಬ್‌ಸೈಟ್ ಸರಿ ಇಲ್ಲ ಎಂದು ರದ್ದು ಮಾಡಿ ಮತ್ತೆ ಮೊದಲಿನಿಂದ ಹಚ್ಚಿದ. ಮುಂಜಾನೆಗೂ ಮುಗಿಯಲಿಲ್ಲ.

ಅವನ ಪ್ಲಾನಿನಲ್ಲಿ ಡೌನ್‌ಲೋಡ್ 100, ಅಪ್‌ಲೋಡ್ 20 ಮೆಗಾಬಿಟ್ ಇತ್ತು. 60 ಗಿಗಾಬೈಟ್ ಅಂದರೆ 480 ಗಿಗಾಬಿಟ್, 4,80,000 ಮೆಗಾಬಿಟ್. 20ರಿಂದ ಭಾಗಿಸಿದರೆ 24,000 ಸೆಕೆಂಡ್. ಅಂದರೆ 6 ತಾಸು 40 ನಿಮಿಷ. ಚೀಲದ ತೂಕ ಸೇರಿಸಿದರೆ ಏಳು ತಾಸಿನ ಮೇಲೆ. ಅರ್ಧ ಆಗಿದ್ದು ಸರಿಯಾದ ವೇಗದಲ್ಲೇ ಆಗಿತ್ತು. ರದ್ದು ಮಾಡದಿದ್ದರೆ ಮುಂಜಾನೆಗೆ ಮುಟ್ಟುತ್ತಿತ್ತು.

ಇನ್ನೊಂದು ದಾರಿಯೂ ಇದೆ. ಪೆನ್‌ಡ್ರೈವ್‌ಗೆ ಹಾಕಿ ಗದಗಿನ ಬಸ್ ಹತ್ತುವುದು. ಮನೆಯಿಂದ ಮನೆಗೆ ಎರಡು ತಾಸು ಅಂದುಕೊಳ್ಳಿ, 7,200 ಸೆಕೆಂಡ್. 4,80,000ನ್ನು 7,200ರಿಂದ ಭಾಗಿಸಿದರೆ ಸೆಕೆಂಡಿಗೆ 66 ಮೆಗಾಬಿಟ್ ಮೇಲೆ. ಅವನ ಅಪ್‌ಲೋಡಿಗಿಂತ ಮೂರು ಪಟ್ಟು ಜಾಸ್ತಿ. ದೊಡ್ಡ ಫೈಲ್ ಇದ್ದು, ಅಪ್‌ಲೋಡ್ ಸಣ್ಣದಿದ್ದರೆ ನಾನು ಬಸ್ಸನ್ನೇ ಹೇಳುತ್ತೇನೆ. ಈಗ ಅವನು ಹಾಗೆಯೇ ಕಳಿಸುತ್ತಾನೆ.

8ರ ಬದಲು 10ರಿಂದ ಭಾಗಿಸುವ ಜಾಗಗಳು

ಎರಡು ಕಡೆ 8ರ ನಿಯಮ ನಡೆಯುವುದಿಲ್ಲ.

ಒಂದು, ಯುಎಸ್‌ಬಿ 3.0. ಅದರ ಮೇಲೆ 5 ಗಿಗಾಬಿಟ್ ಎಂದು ಬರೆದಿರುತ್ತದೆ. 8ರಿಂದ ಭಾಗಿಸಿದರೆ 625 ಮೆಗಾಬೈಟ್ ಆಗಬೇಕು. ಆದರೆ ಅದು ಪ್ರತಿ 8 ಬಿಟ್ ಡೇಟಾಕ್ಕೆ ತಂತಿಯ ಮೇಲೆ 10 ಬಿಟ್ ಕಳಿಸುತ್ತದೆ. ಹಾಗಾಗಿ ಹೆಚ್ಚೆಂದರೆ 500. ಹಾರ್ಡ್‌ಡಿಸ್ಕ್ ಕಾಪಿ 30ರಿಂದ 40 ಮೆಗಾಬೈಟ್‌ಗೆ ನಿಂತಿದ್ದರೆ ಅದು ಹಳೆಯ ಯುಎಸ್‌ಬಿ 2.0 ಪೋರ್ಟ್‌ನ ಗುರುತು. ಅದರ 480 ಮೆಗಾಬಿಟ್ ಕಾಗದದ ಮೇಲೆ 60 ಮೆಗಾಬೈಟ್, ಕೈಗೆ ಸಿಗುವುದು ಇಷ್ಟೇ. ನೀಲಿ ಬಣ್ಣದ ಪೋರ್ಟ್ ಇದ್ದರೆ ಅದಕ್ಕೆ ಹಚ್ಚಿ.

ಇನ್ನೊಂದು ನಮ್ಮ ಮಾರುಕಟ್ಟೆಗಳ ಕಾಟಾ. ಲಾರಿ ತೂಗುವ ಎಲೆಕ್ಟ್ರಾನಿಕ್ ಕಾಟಾದಿಂದ ಕಂಪ್ಯೂಟರ್‌ಗೆ ಈಗಲೂ ಒಂದೊಂದೇ ಬಿಟ್ ಸಾಲಾಗಿ ಕಳಿಸುವ ಹಳೆಯ ಸೀರಿಯಲ್ ಕೇಬಲ್ ಬರುತ್ತದೆ. ಹಾವೇರಿ ಜಿಲ್ಲೆಯ ಒಂದು ಕಾಟಾಕ್ಕೆ ಕರೆದಿದ್ದರು. ಡಿಸ್‌ಪ್ಲೇಯಲ್ಲಿ ತೂಕ ಸರಿ, ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಚಿಹ್ನೆ. ಕೇಬಲ್ ಕೆಟ್ಟಿದೆ ಎಂದು ಹೊಸದು ತರಿಸಿದ್ದರು. ಕೇಬಲ್ ಕೆಟ್ಟರೆ ಬಹಳ ಸಲ ಏನೂ ಬರುವುದೇ ಇಲ್ಲ. ಚಿಹ್ನೆಗಳು ಬರುತ್ತಿವೆ ಅಂದರೆ ಎರಡೂ ಕಡೆಯ ಸ್ಪೀಡ್ ಹೊಂದುತ್ತಿಲ್ಲ ಎಂದು ಮೊದಲು ಅನುಮಾನ ಪಡಬೇಕು. ಕಾಟಾ ಸೆಕೆಂಡಿಗೆ 2400 ಬಿಟ್, ಅಂದರೆ 2400 ಬಾಡ್‌ನಲ್ಲಿ ಕಳಿಸುತ್ತಿತ್ತು, ಸಾಫ್ಟ್‌ವೇರ್ 9600ರಲ್ಲಿ ಓದುತ್ತಿತ್ತು. ಸಾಫ್ಟ್‌ವೇರನ್ನು 2400ಕ್ಕೆ ಇಳಿಸಿದ ಕೂಡಲೇ ತೂಕ ಬಂತು.

ಸ್ಪೀಡ್ ಇಳಿಸಿದರೆ ತೂಕ ತಡವಾಗಿ ಬರುತ್ತದಾ ಎಂದು ಕಾಟಾದವರು ಕೇಳಿದರು. ಈ ಸೀರಿಯಲ್ ಲೈನಿನಲ್ಲಿ ಒಂದು ಅಕ್ಷರಕ್ಕೆ 8 ಬಿಟ್, ಜೊತೆಗೆ ಶುರುವಿನ ಒಂದು ಬಿಟ್, ಕೊನೆಯ ಒಂದು ಬಿಟ್. ಒಟ್ಟು 10. ಹಾಗಾಗಿ 2400 ಅಂದರೆ ಸೆಕೆಂಡಿಗೆ 240 ಅಕ್ಷರ. ತೂಕದ ಒಂದು ಸಾಲು 12 ಅಕ್ಷರ ಅಂದರೂ ಸೆಕೆಂಡಿಗೆ 20 ಸಲ ಬರುತ್ತದೆ. ಲಾರಿ ನಿಲ್ಲುವುದರೊಳಗೆ ಬೇಕಾದಷ್ಟು.

ಕಂಪನಿಗೆ ಫೋನ್ ಮಾಡುವ ಮೊದಲು

ಮೇಲಿನ ಯಾವುದೂ ಅಲ್ಲ, ಸ್ಪೀಡ್ ನಿಜವಾಗಿಯೂ ಕಡಿಮೆ ಇದೆ ಅಂದರೆ ಆಗ ಕಂಪನಿಗೆ ಹೇಳಲೇಬೇಕು. ಆದರೆ "ನೆಟ್ ಸ್ಲೋ ಐತ್ರಿ" ಅಂದರೆ ಅವರು "ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ" ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಫೋನ್ ಮಾಡುವ ಮೊದಲು ಒಂದು ದಿನ ಅಳೆದು ಬರೆದಿಡಿ. ಕೇಬಲ್ ಹಚ್ಚಿಯೇ ಅಳೆಯಿರಿ, ಆಗ ಬೇರೆ ಫೋನ್, ಟಿವಿ ಏನೂ ನೆಟ್ ಬಳಸದಿರಲಿ. ನವನಗರದ ಅಕ್ಕ ಒಬ್ಬರಿಗೆ ನಾನು ಬರೆಸಿದ ಚೀಟಿ ಹೀಗಿತ್ತು:

"ಪ್ಲಾನ್ 100 ಮೆಗಾಬಿಟ್. ಲ್ಯಾಪ್‌ಟಾಪಿಗೆ ಕೇಬಲ್ ಹಚ್ಚಿ ಅಳೆದದ್ದು. ಲಿಂಕ್ ಸ್ಪೀಡ್ 1000. ಮುಂಜಾನೆ 6ಕ್ಕೆ 95 ಮೆಗಾಬಿಟ್. ಮಧ್ಯಾಹ್ನ 2ಕ್ಕೆ 88. ರಾತ್ರಿ 9ಕ್ಕೆ 21. ರಾತ್ರಿ 9ಕ್ಕೆ ಸತತ ಮೂರು ದಿನ ಇಷ್ಟೇ. ತಿಂಗಳ ಡೇಟಾ ಮಿತಿ ಇನ್ನೂ ಮುಗಿದಿಲ್ಲ."

ಮುಂಜಾನೆ 95 ಬಂದಿದೆ ಅಂದರೆ ಮನೆಯೊಳಗಿನ ತಂತಿ, ರೂಟರ್, ಲ್ಯಾಪ್‌ಟಾಪ್ ಎಲ್ಲ ಸರಿ ಇವೆ. ರಾತ್ರಿ ಮಾತ್ರ ಬೀಳುತ್ತಿದೆ ಅಂದರೆ ಓಣಿಯ ಎಲ್ಲರೂ ಒಂದೇ ಹೊತ್ತಿಗೆ ಬಳಸುವಾಗ ಅವರ ಲೈನ್ ಸಾಲುತ್ತಿಲ್ಲ. ಅಕ್ಕ ಆ ಚೀಟಿಯನ್ನು ಫೋನಿನಲ್ಲಿ ಹಾಗೆಯೇ ಓದಿದರು. ಆ ಕಡೆಯವರು ರೂಟರ್ ಆಫ್ ಮಾಡಿ ಅನ್ನಲಿಲ್ಲ. ದೂರಿನ ನಂಬರ್ ಕೊಟ್ಟು ಇಂಜಿನಿಯರ್‌ಗೆ ಕಳಿಸಿದರು.